ಕಾಗೆ ತೋರಿಸದ ಟೀಚರ್

ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ರೈಟಕ್ಕ ಎಂದು. ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು, ಆದರೆ ಅದರಿಂದ ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ವಯಸ್ಸಿನ ಹುಡುಗಿಯಾಗಿದ್ದಾಗಿನಿಂದ ಮಂಡಿ ಹಿಡಿದುಕೊಳ್ಳುವ ಕಾಲದವರೆಗೂ ಬಸ್ಸಿನ ಕಂಡಕ್ಟರ್ ಆಗಿ ದುಡಿದವಳು. ಹಿಂದಿನ ಬಾಗಿಲಲ್ಲಿ ನಿಂತು ಬಸ್ಸಿನ ಮೈಯನ್ನು ಅಂಗೈಯಿಂದ ಒಮ್ಮೆ ಬಡಿದು 'ಹೋಲ್ಡಾನ್' ಅಂದರೆ ಗಾಡಿ ನಿಲ್ಲಬೇಕು. ಎರಡು ಸಲ ಬಡಿದು 'ರೈಟ್' ಅಂದರೆ ಹೊರಡಬೇಕು. ಈ ಬಡಿತಕ್ಕೇ ಬಸ್ಸಿನವರು ಬೆಲ್ ಅನ್ನುತ್ತಿದ್ದದ್ದು. ಆ ಎರಡು ಬಡಿತ ಬೀಳುವ ಮೊದಲು ಗಾಡಿ ಒಂದು ಗೇಣು ಅಲುಗಿದರೂ ಡ್ರೈವರ್ ಯಾರೇ ಆಗಿರಲಿ, ಅವರ ಏಳು ತಲೆಮಾರನ್ನು ನಡುರಸ್ತೆಯಲ್ಲೇ ಜಾಲಾಡಿಬಿಡುತ್ತಿದ್ದಳು. ಕೈಕೂಸು ಎತ್ತಿಕೊಂಡವಳು ಒಂದು ಕಾಲನ್ನು ಮೆಟ್ಟಿಲ ಮೇಲೆ, ಇನ್ನೊಂದನ್ನು ನೆಲದ ಮೇಲೆ ಇಟ್ಟಿರುತ್ತಾಳೆ. ಆಗ ಹೇಳದೆ ಕೇಳದೆ ಗಾಡಿ ಬಿಟ್ಟರೆ ಮುರಿಯುವುದು ಯಾರ ಸೊಂಟ? ಅವಳು ಕಲಿತ ವಿದ್ಯೆಯೆಲ್ಲ ಇಷ್ಟೇ, ಹೇಳದೆ ಗಾಡಿ ಬಿಡಬಾರದು.

ಆಮೇಲೆ ಬಸ್ಸುಗಳಿಗೆ ಟಿಕೆಟ್ ಮೆಷಿನ್ ಬಂತು. ಜನ ಹತ್ತುವಾಗಲೇ ಕಾರ್ಡು ಒತ್ತಬೇಕು, ಡ್ರೈವರೇ ಕನ್ನಡಿಯಲ್ಲಿ ನೋಡಿಕೊಂಡು ಬಾಗಿಲು ಹಾಕಬೇಕು. ಕಂಡಕ್ಟರುಗಳೆಲ್ಲ ಊಟವಾದ ಮೇಲಿನ ಎಲೆಯಂತಾದರು. ಕೆಲವರನ್ನು ಡಿಪೋ ಗೇಟಿಗೆ ಹಾಕಿದರು, ಕೆಲವರನ್ನು ಮೆಷಿನ್ ರಿಪೇರಿ ಸೆಕ್ಷನ್ನಿಗೆ. ರೈಟಕ್ಕನನ್ನು ಮಾತ್ರ ಡಿಪೋದ ಹಿಂಭಾಗದ ಶಿಶುವಿಹಾರಕ್ಕೆ ಹಾಕಿದರು. ಡ್ರೈವರುಗಳ, ಮೆಕ್ಯಾನಿಕ್‌ಗಳ, ಗುಮಾಸ್ತರ ಮಕ್ಕಳನ್ನು ಹಗಲೆಲ್ಲ ನೋಡಿಕೊಳ್ಳುವ ಜಾಗ ಅದು. ಹೆಂಗಸು ಅಂದಮೇಲೆ ಮಕ್ಕಳನ್ನು ನೋಡಿಕೊಳ್ಳುವುದು ಹುಟ್ಟಿನಿಂದಲೇ ಬಂದಿರುತ್ತದೆ ಎಂಬ ಘನಂದಾರಿ ತಿಳಿವಳಿಕೆ ಮೇಲಿನವರದು. ಅವಳಿಗೆ ಸ್ವಂತ ಮಕ್ಕಳಿರಲಿಲ್ಲ. ಅದನ್ನು ಕೆದಕಿ ಕೇಳಿದವರನ್ನು ಮುಂದಿನ ಸ್ಟಾಪಿನಲ್ಲಿ ಇಳಿಸುವ ಹಾಗೆ ಮಾತಿನಲ್ಲೇ ಇಳಿಸಿ ಕಳಿಸುತ್ತಿದ್ದಳು.

ಮನೆಯಲ್ಲಿ ಅತ್ತೆ ಮೂಗು ಮುರಿದರು. "ಬಸ್ಸು ತುಂಬಾ ಗಂಡಸರನ್ನ ಹೆದರಿಸ್ಕೊಂಡು ಓಡಾಡ್ತಿದ್ದೋಳು, ಈಗ ಯಾರದೋ ಮಕ್ಕಳ ಚಡ್ಡಿ ಬಿಚ್ಚೋಕೆ ಹೋಗ್ತೀಯಾ?"

"ಹೋಗ್ತೀನಿ ಅತ್ತೆ. ನಿಮ್ಮ ಮಗನ ಚಡ್ಡಿ ಇಷ್ಟು ವರ್ಷ ನಾನೇ ಒಗ್ದಿಲ್ವಾ?"

ವೆಲ್ಡಿಂಗ್ ಅಂಗಡಿಯಿಂದ ಆಗಷ್ಟೇ ಬಂದು ಕೂತಿದ್ದ ಗಂಡ ಲೋಟದೊಳಗೆ ಮುಖ ಹಾಕಿಕೊಂಡ. ಇವರಿಬ್ಬರ ಮಧ್ಯೆ ಬಾಯಿ ಹಾಕಿದರೆ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯೇ ಸರಿ ಎಂದು ಅವನಿಗೆ ಗೊತ್ತಿತ್ತು.

ಕೆಲವು ತಿಂಗಳು ತರಬೇತಿ ಆಯಿತು. ಸಿಕ್ಕಿದ್ದು ನಡೆಯಲು ಕಲಿತು, ಮಾತು ಇನ್ನೂ ಕೂಡಿಬಾರದ ಮಕ್ಕಳ ಕೋಣೆ. ಆ ವಯಸ್ಸಿನ ಮಕ್ಕಳೆಂದರೆ ಏನೆಂದುಕೊಂಡಿರಿ? ಕಾಲಿದೆ, ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲ. ಹಲ್ಲಿದೆ, ಯಾರನ್ನು ಕಚ್ಚಬಾರದೆಂದು ಗೊತ್ತಿಲ್ಲ. ಮೊದಲ ದಿನ ರೈಟಕ್ಕ ಬಾಗಿಲಲ್ಲಿ ನಿಂತು, "ಎಲ್ರೂ ಮುಂದೆ ನಡೀರಿ, ಒಳಗಡೆ ಜಾಗ ಇದೆ" ಎಂದು ತನ್ನ ಮಾಮೂಲಿ ಗಂಟಲಿನಲ್ಲಿ ಅಂದಳು. ಕೋಣೆಗೆ ಕೋಣೆಯೇ ಬಾಯಿ ತೆರೆದು ಅತ್ತಿತು. ಒಬ್ಬನನ್ನು ಎತ್ತಿಕೊಂಡರೆ ಇನ್ನಿಬ್ಬರು ಸೀರೆಯನ್ನು ಎಳೆದರು. ಎತ್ತಿಕೊಂಡವನು ಸೊಂಟದ ಮೇಲೆ ಬೆಚ್ಚಗೆ ಒದ್ದೆ ಮಾಡಿದ. ಮಧ್ಯಾಹ್ನ ಎಲ್ಲರನ್ನೂ ಮಲಗಿಸಿ ಉಸ್ಸಪ್ಪಾ ಎಂದು ಕೂರುವಷ್ಟರಲ್ಲಿ ಒಬ್ಬ ಎದ್ದು ಉಳಿದವರನ್ನು ಒಬ್ಬೊಬ್ಬರನ್ನಾಗಿ ತಟ್ಟಿ ಎಬ್ಬಿಸಿದ. ಸಂಜೆ ಡಿಪೋ ಗೇಟು ದಾಟುವಾಗ ಅವಳಿಗೆ ಅಳು ಬಂತು. ರಸ್ತೆಯಲ್ಲಿ ಅಳುವುದೇ ಎಂದು ಹಲ್ಲು ಕಚ್ಚಿ ಮನೆ ಸೇರಿದಳು.

ಶಿಶುವಿಹಾರದ ಯಜಮಾನಿಕೆ ದೊಡ್ಡ ಟೀಚರದು. ಇಸ್ತ್ರಿ ಮಾಡಿದ ಸೀರೆ, ಇಸ್ತ್ರಿ ಮಾಡಿದಂಥ ಮಾತು. ಕೆಟ್ಟ ಹೆಂಗಸು ಎಂದರೆ ಬಾಯಿಗೆ ಹುಳ ಬಿದ್ದೀತು, ಏಕೆಂದರೆ ರೈಟಕ್ಕನಿಗೆ ಕೆಲಸ ಹೇಳಿಕೊಟ್ಟವರು ಅವರೇ. "ನಿಂತು ಮಾತಾಡಬೇಡಿ, ಕೂತ್ಕೊಳ್ಳಿ. ಅವಕ್ಕೆ ನಿಮ್ಮ ಮಂಡಿ ಮಾತ್ರ ಕಾಣಿಸುತ್ತೆ, ಮಂಡಿ ಹೇಳಿದ ಮಾತನ್ನ ಯಾವ ಮಗು ಕೇಳುತ್ತೆ?" ಎಂದವರು ಅವರು. ಒದೆಯುವ ಮಗುವಿಗೆ ಚಡ್ಡಿ ತೊಡಿಸುವುದು, ಕಚ್ಚಿಸಿಕೊಂಡವನನ್ನು ಮೊದಲು ನೋಡಿ ಕಚ್ಚಿದವನನ್ನು ಆಮೇಲೆ ನೋಡುವುದು, ಎಲ್ಲವೂ ಅವರೇ ಕಲಿಸಿದ್ದು. ರೈಟಕ್ಕ ನೆಲಕ್ಕೆ ಕೂತಳು, ಮಂಡಿ ಲಟಲಟ ಎಂದರೂ ಕೂತಳು. ಕೂತ ಮೇಲೆ ಅವಳ ಹಳೆಯ ಕಸುಬೂ ಮೆಲ್ಲಗೆ ಕೈಗೆ ಬಂತು. ಯಾವುದನ್ನೂ ಹೇಳದೆ ಮಾಡುತ್ತಿರಲಿಲ್ಲ. "ಈಗ ಮೂಗು ಒರೆಸ್ತೀನಿ." "ಮುಂದಿನ ಸ್ಟಾಪು ಕೈ ತೊಳೆಯೋದು, ಇಳಿಯೋರು ಬನ್ನಿ." ಮಕ್ಕಳು ಬಂದವು. ಎಲ್ಲವೂ ಅಲ್ಲ, ಯಾವಾಗಲೂ ಅಲ್ಲ, ಆದರೂ ಬಂದವು.

ಅಲ್ಲಿ ಒಂದು ರೂಢಿ ಇತ್ತು. ಅದಕ್ಕೆ ಎಲ್ಲರೂ ಅನ್ನುತ್ತಿದ್ದದ್ದು 'ಕಾಗೆ ತೋರಿಸುವುದು' ಎಂದು. ಬೆಳಿಗ್ಗೆ ತಾಯಿ ಮಗುವನ್ನು ಕರೆದು ತರುತ್ತಾಳೆ. ಮಗು ಅವಳ ಕಾಲು ಹಿಡಿದುಕೊಳ್ಳುತ್ತದೆ. ಆಗ ಟೀಚರ್ ಮಗುವನ್ನು ಎತ್ತಿಕೊಂಡು ಹಿಂದಿನ ಕಿಟಕಿಗೆ ಹೋಗಬೇಕು. ಹೊರಗೆ ಹಳೆಯ ಟೈರುಗಳ ರಾಶಿ, ಅದರ ಮೇಲೆ ಒಂದೆರಡು ಕಾಗೆ ಇದ್ದೇ ಇರುತ್ತವೆ. "ಅಲ್ನೋಡು ಪುಟ್ಟಾ, ಕಾಗೆ" ಅನ್ನಬೇಕು. ಮಗು ಕಾಗೆ ನೋಡುವಷ್ಟರಲ್ಲಿ ತಾಯಿ ಮುಂದಿನ ಬಾಗಿಲಿನಿಂದ ಮಾಯ. ಮಗು ತಿರುಗಿ ನೋಡಿದರೆ ಅಮ್ಮ ಇಲ್ಲ. ಸ್ವಲ್ಪ ಹೊತ್ತು ಕಕ್ಕಾಬಿಕ್ಕಿಯಾಗಿ ನಿಲ್ಲುತ್ತದೆ, ಆಮೇಲೆ ಮುಖ ಬಾಡಿಸಿಕೊಂಡು ಕೂರುತ್ತದೆ. ಗಲಾಟೆ ಇಲ್ಲ. ಗಲಾಟೆ ಇಲ್ಲದ್ದೇ ಮುಖ್ಯ, ಯಾಕೆಂದರೆ ಡಿಪೋ ಆಫೀಸು ಇದ್ದದ್ದು ಸರಿಯಾಗಿ ಆ ಕೋಣೆಯ ನೆತ್ತಿಯ ಮೇಲೆ. ಮಗು ಅತ್ತರೆ ಮೇಲಿನಿಂದ ಯಾರೋ ಕುರ್ಚಿಯ ಕಾಲನ್ನು ನೆಲಕ್ಕೆ ಕುಟ್ಟುತ್ತಿದ್ದರು.

ರೈಟಕ್ಕನೂ ಮೊದಮೊದಲು ಕಾಗೆ ತೋರಿಸಿದಳು. ಚೆನ್ನಾಗಿಯೇ ತೋರಿಸಿದಳು, ರೆಕ್ಕೆ ಬಡಿದು, ಕಾ ಎಂದು ಕೂಗಿ. ಅವಳ ಈ ಹುಮ್ಮಸ್ಸನ್ನು ಇಳಿಸಿದ್ದು ವಾಚ್‌ಮನ್.

ವಾಚ್‌ಮನ್ ಅಂದರೆ ಎರಡು ವರ್ಷದ ಹೆಣ್ಣು ಮಗು. ಬೆಳಿಗ್ಗೆ ಬಂದವಳು ತಗಡಿನ ಬಾಗಿಲ ಪಕ್ಕದಲ್ಲಿ ಗೋಡೆಗೆ ಒರಗಿ ಕೂತರೆ ಸಂಜೆಯವರೆಗೂ ಏಳುತ್ತಿರಲಿಲ್ಲ. ಚೀಲ ಮಡಿಲಲ್ಲಿ, ಶೂ ಕಾಲಲ್ಲಿ. ಶೂ ಬಿಚ್ಚಲು ಹೋದರೆ ಕಾಲನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತಿದ್ದಳು. ಊಟವನ್ನು ಅಲ್ಲಿಗೇ ತಂದುಕೊಡಬೇಕು, ನಿದ್ದೆಯೂ ಕೂತಲ್ಲೇ, ತಲೆ ಜೋಲಿದಾಗ. ಅಳುವುದಿಲ್ಲ, ಆಡುವುದಿಲ್ಲ, ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ. ಬಾಗಿಲು ಕಿರ್ ಎಂದಾಗಲೆಲ್ಲ ಕತ್ತು ಎತ್ತುತ್ತಾಳೆ. ಎಲ್ಲರೂ ನಕ್ಕು ವಾಚ್‌ಮನ್ ಎಂದು ಹೆಸರಿಟ್ಟಿದ್ದರು.

ಅವಳ ತಾಯಿ ಬಸ್ಸಿನ ಡ್ರೈವರ್, ಬೇರೆ ಯಾರೂ ಅಲ್ಲ, ಕೊನೆಯ ವರ್ಷಗಳಲ್ಲಿ ರೈಟಕ್ಕನ ಗಾಡಿಯನ್ನೇ ಓಡಿಸಿದವಳು. ಸ್ಟೇರಿಂಗ್ ಹಿಡಿದರೆ ಲಾರಿಯವರೇ ದಾರಿ ಬಿಡಬೇಕು, ಕೆಳಗಿಳಿದರೆ ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಸಾಧು. ರೈಟಕ್ಕನನ್ನು ಅಕ್ಕ ಎನ್ನುತ್ತಿದ್ದಳು. ಮಗುವಿನ ತಂದೆ ಇನ್ನೊಂದು ಸಂಸಾರ ಹೂಡಿಕೊಂಡು ಹೋಗಿ ಆಗಿತ್ತು. ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ನರಪಿಳ್ಳೆ ಇರಲಿಲ್ಲ.

ಒಂದು ಬೆಳಿಗ್ಗೆ ರೈಟಕ್ಕ ವಾಚ್‌ಮನ್‌ಳನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ, "ಅಲ್ನೋಡೇ, ಕಾಗೆ" ಅಂದಳು. ಮಗು ಕಿಟಕಿಯ ಕಡೆ ನೋಡಲಿಲ್ಲ. 'ಕಾಗೆ' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸರಕ್ಕನೆ ಕತ್ತು ತಿರುಗಿಸಿ ಬಾಗಿಲ ಕಡೆ ನೋಡಿತು. ಅಲ್ಲಿ ಅದರ ತಾಯಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬೆಕ್ಕಿನ ಹೆಜ್ಜೆಯಲ್ಲಿ ಹೊರಗೆ ಕಾಲಿಡುತ್ತಿದ್ದಳು. ಮಗು ಅದನ್ನು ನೋಡಿತು. ಕೂಗಲಿಲ್ಲ. ರೈಟಕ್ಕನ ಹೆಗಲ ಮೇಲಿದ್ದ ಪುಟ್ಟ ಕೈ ಸಡಿಲವಾಯಿತು, ಅಷ್ಟೇ.

ಎಷ್ಟು ದೊಡ್ಡವರು ಸೇರಿ ಎಷ್ಟು ಚಿಕ್ಕವಳ ಕಣ್ಣಿಗೆ ಮಣ್ಣೆರಚುತ್ತಿದ್ದೇವೆ ನೋಡು ಎಂದು ರೈಟಕ್ಕನಿಗೆ ತನ್ನ ಮೇಲೇ ಸಿಟ್ಟು ಬಂತು. ಯಾವ ಗಳಿಗೆಯಲ್ಲಿ ಗಾಡಿ ಹೇಳದೆ ಹೊರಟುಬಿಡುತ್ತದೋ ಎಂದು ಹೆದರಿದವಳು ಶೂ ಹೇಗೆ ಬಿಚ್ಚುತ್ತಾಳೆ? ಬಾಗಿಲು ಬಿಟ್ಟು ಹೇಗೆ ಏಳುತ್ತಾಳೆ? ತಾನಾಗಿದ್ದರೂ ಏಳುತ್ತಿರಲಿಲ್ಲ.

ಮಾರನೆಯ ದಿನ ಡ್ರೈವರಮ್ಮ ಚಪ್ಪಲಿ ಕಳಚಲು ಬಗ್ಗಿದಾಗ ರೈಟಕ್ಕ ತಡೆದಳು. "ಹಾಕ್ಕೊಂಡೇ ಇರು. ಕೂತ್ಕೊಂಡು ಮುಖ ನೋಡಿ ಹೇಳು, ಹೋಗಿ ಬರ್ತೀನಿ ಅಂತ."

"ಅಳ್ತಾಳೆ ಅಕ್ಕ."

"ಅಳ್ಲಿ. ಅಮ್ಮ ಹೋದ್ರೆ ಅಳ್ದೆ ಇನ್ನೇನು ನಗ್ಬೇಕಾ? ಬಾಯಿ ಅವಳದು, ಅಳು ಅವಳದು. ಹೇಳು."

ಡ್ರೈವರಮ್ಮ ಹೇಳಿದಳು. ಇಷ್ಟು ದಿನ ಬಾಯಿ ಬಿಡದಿದ್ದ ವಾಚ್‌ಮನ್ ಆವತ್ತು ಅತ್ತದ್ದು ಡಿಪೋ ಗೇಟಿನವರೆಗೂ ಕೇಳಿಸಿತು. ತಾಯಿಯ ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿತು. ತಾಯಿಗೂ ಕಣ್ಣಲ್ಲಿ ನೀರು. ಮೇಲಿನಿಂದ ಕುರ್ಚಿಯ ಕುಟ್ಟಾಟ ಶುರುವಾಯಿತು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ರೈಟಕ್ಕನ ಹಳೆಯ ಕೈ ತಗಡಿನ ಬಾಗಿಲನ್ನು ಎರಡು ಸಲ ಬಡಿಯಿತು. ಢಣ್ ಢಣ್. "ರೈಟ್."

ಡ್ರೈವರಮ್ಮ ಗಕ್ಕನೆ ತಿರುಗಿ ಹೊರಟೇಬಿಟ್ಟಳು. ಅವಳೂ ಯೋಚಿಸಲಿಲ್ಲ. ಆ ಕೈಯಿಂದ ಆ ಎರಡು ಬಡಿತ ಬಿದ್ದರೆ ಅವಳ ಕಾಲು ತಾನೇ ಮುಂದೆ ಹೋಗುತ್ತಿತ್ತು, ವರ್ಷಗಟ್ಟಲೆ ಹೋದ ಕಾಲು. ವಾಚ್‌ಮನ್ ಅಳುವುದನ್ನು ಅರ್ಧಕ್ಕೆ ನಿಲ್ಲಿಸಿ ಬಾಗಿಲನ್ನು ನೋಡಿದಳು, ರೈಟಕ್ಕನ ಅಂಗೈಯನ್ನು ನೋಡಿದಳು. ಆಮೇಲೆ ಬಿಟ್ಟಲ್ಲಿಂದ ಅಳು ಮುಂದುವರಿಸಿದಳು.

ಮರುದಿನ ಬೆಳಿಗ್ಗೆ ಡ್ರೈವರಮ್ಮ ಬರುತ್ತೇನೆಂದು ಹೇಳಿ ಎದ್ದು ನಿಂತಾಗ ವಾಚ್‌ಮನ್ ತಾನೇ ಮುಂದೆ ಬಂದು ಪುಟ್ಟ ಅಂಗೈಯಿಂದ ಬಾಗಿಲಿಗೆ ಒಂದು ಏಟು ಹಾಕಿದಳು. ಒಂದೇ ಏಟು. ಎತ್ತಿದ ಕಾಲನ್ನು ಡ್ರೈವರಮ್ಮ ಹಾಗೇ ಕೆಳಗಿಟ್ಟಳು. ಮಗು ತಾಯಿಯ ಕಾಲನ್ನೇ ನೋಡಿತು. ಇನ್ನೊಂದು ಏಟು, ತಡೆದು ತಡೆದು. ತಾಯಿ ಅಲುಗಲಿಲ್ಲ. ಆಗ ವಾಚ್‌ಮನ್ ನಕ್ಕಳು. ಆ ಕೋಣೆಯಲ್ಲಿ ಅವಳು ನಕ್ಕದ್ದು ಅದೇ ಮೊದಲು.

"ಅಕ್ಕ, ನನ್ನ ಗಾಡಿ ಟೈಮಾಯ್ತು," ಎಂದಳು ಡ್ರೈವರಮ್ಮ.

"ಹೋಲ್ಡಾನ್ ಬಿದ್ದಿದೆ, ನಿಲ್ಲು," ಎಂದು ರೈಟಕ್ಕ ಮಗುವಿನ ಪಕ್ಕ ಕೂತಳು. "ನೋಡೇ ಪುಟ್ಟಿ, ಒಂದಾದ್ರೆ ನಿಲ್ತಾಳೆ. ಎರಡಾದ್ರೆ ಹೋಗ್ತಾಳೆ. ಹೋದ ಗಾಡಿ ಸಂಜೆ ವಾಪಸ್ ಬರುತ್ತೆ. ಬೆಲ್ ನಿನ್ದು." ಮಗು ತುಂಬಾ ಹೊತ್ತು ಬಾಗಿಲನ್ನು ನೋಡಿತು. ತುಟಿ ಡೊಂಕಾಯಿತು. ಆಮೇಲೆ ಢಣ್ ಢಣ್ ಎಂದು ಬಡಿದು, ಬಡಿಯುತ್ತಲೇ ಅತ್ತಿತು. ತಾಯಿ ಹೋದಳು. ಮಗು ಶೂ ಹಾಕಿಕೊಂಡೇ ಬಾಗಿಲ ಪಕ್ಕ ಕೂತಿತು.

ಒಬ್ಬರ ಕೈಗೆ ಬೆಲ್ ಸಿಕ್ಕರೆ ಉಳಿದವರು ಸುಮ್ಮನಿರುತ್ತಾರೆಯೇ? ವಾರ ಕಳೆಯುವುದರೊಳಗೆ ಎಲ್ಲ ಮಕ್ಕಳಿಗೂ ಬಾಗಿಲು ಬಡಿಯಬೇಕು. ಅಳುವವರು ಅಳುತ್ತಾ ಬಡಿದರು, ಅಳದವರು ಖುಷಿಗೆ ಬಡಿದರು. ಮೆಕ್ಯಾನಿಕ್ ಒಬ್ಬನನ್ನು ಅವನ ಮಗ ಹತ್ತಾರು ಸಲ ಹೋಲ್ಡಾನ್ ಮಾಡಿ ನಿಲ್ಲಿಸಿದ್ದರಿಂದ ಅವನು ತಡವಾಗಿ ಹೋಗಿ ಮೇಸ್ತ್ರಿಯಿಂದ ಬೈಸಿಕೊಂಡ. ಕೆಲವು ತಾಯಂದಿರು, "ಕಾಗೆನೇ ವಾಸಿ ಇತ್ತು, ನಮ್ಮ ಹೊಟ್ಟೆನಾದ್ರೂ ಉರೀತಿರ್ಲಿಲ್ಲ" ಎಂದು ಗೊಣಗಿದರು. ಮೇಲಿನ ಆಫೀಸಿನವರು ಕುರ್ಚಿ ಕುಟ್ಟುವುದನ್ನು ಬಿಟ್ಟು ಮೆಟ್ಟಿಲಿಳಿದೇ ಬಂದು ದೊಡ್ಡ ಟೀಚರ ಮುಂದೆ ಹಾರಾಡಿದರು.

ದೊಡ್ಡ ಟೀಚರ್ ಆವತ್ತೇ ರೈಟಕ್ಕನನ್ನು ಕರೆದು ಕೂರಿಸಿಕೊಂಡರು.

"ನೋಡಿ, ಹೇಳಿ ಹೋಗ್ಬೇಕು ಅಂತ ನಾನೂ ಓದಿದೀನಿ. ನನಗೆ ಗೊತ್ತಿಲ್ಲ ಅಂದ್ಕೋಬೇಡಿ. ಆದ್ರೆ ಆ ಪುಸ್ತಕ ಬರೆದೋರ ತಲೆ ಮೇಲೆ ಆಫೀಸ್ ಇರ್ಲಿಲ್ಲ. ಈ ಜಾಗವನ್ನೇ ಮುಚ್ಚಿಸ್ತೀವಿ ಅಂತಿದಾರೆ."

"ಮಕ್ಕಳು ಅಳೋದು ಆಫೀಸಿಗೆ ಕೇಳಿಸಿದ್ರೆ ಕೇಳಿಸ್ಲಿ ಮೇಡಂ. ಅವರ ಮಕ್ಕಳೂ ಅಳ್ತವೆ."

"ಆ ವಾಚ್‌ಮನ್ ಇನ್ನೂ ಶೂ ಬಿಚ್ಚಿಲ್ಲ. ನಿಮ್ಮ ಬೆಲ್ಲಿನಿಂದ ಏನಾಯ್ತು? ಮೊದಲು ಸುಮ್ನೆ ಕೂತಿರ್ತಿದ್ಲು, ಈಗ ಅತ್ತು ಕೂತಿರ್ತಾಳೆ."

ಆ ಮಾತು ರೈಟಕ್ಕನಿಗೆ ನಾಟಿತು. ನಿಜವೇ ಆಗಿತ್ತಲ್ಲ.

"ಸೋಮವಾರ ಹೆಡ್ ಆಫೀಸಿಂದ ವೆಲ್ಫೇರ್ ಸಾಹೇಬರು ನೋಡೋಕೆ ಬರ್ತಿದಾರೆ," ಎಂದರು ದೊಡ್ಡ ಟೀಚರ್. "ಅವತ್ತೂ ಇದೇ ರಂಪ ಆದ್ರೆ ನಾನು ಏನೂ ಮಾಡೋಕಾಗಲ್ಲ. ಆ ಮಗು ಇಲ್ಲಿ ಒಗ್ಗಲ್ಲ ಅಂತ ತಾಯಿಗೆ ಹೇಳಿ ಮನೆಗೆ ಕಳಿಸ್ಬೇಕಾಗುತ್ತೆ. ನೀವು ಮೆಷಿನ್ ರಿಪೇರಿ ಸೆಕ್ಷನ್ನಿಗೆ. ಸೋಮವಾರ ಒಂದಿನ ಕಾಗೆ ತೋರಿಸಿ ಸಾಕು."

ಮಗು ಮನೆಗೆ ಹೋದರೆ ಡ್ರೈವರಮ್ಮನ ಸ್ಟೇರಿಂಗೂ ಹೋಯಿತೆಂದೇ ಅರ್ಥ. ಅದು ರೈಟಕ್ಕನಿಗೆ ಗೊತ್ತಿತ್ತು. ತಾನು ಹೋಗುವುದಾದರೆ ಹೋಗಲಿ, ಸ್ಕ್ರೂ ಬಿಗಿಯುವುದೂ ಕೆಲಸವೇ. ಆದರೆ ಆ ಮಗುವನ್ನು ಮತ್ತೆ ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗುವುದನ್ನು ನೆನೆದರೇ ಕೈ ಮೇಲೇಳಲಿಲ್ಲ.

"ಬೇರೆ ಏನ್ ಬೇಕಾದ್ರೂ ಹೇಳಿ ಮೇಡಂ, ಮಾಡ್ತೀನಿ. ಕಾಗೆ ಮಾತ್ರ ತೋರ್ಸಲ್ಲ," ಅಂದು ಎದ್ದು ಬಂದಳು.

ಮನೆಯಲ್ಲಿ ತಟ್ಟೆಯ ಅನ್ನ ಹಾಗೇ ಉಳಿಯಿತು. ಅತ್ತೆ ಬಾಯಿ ಬಿಡಿಸಿ ವಿಷಯ ತಿಳಿದುಕೊಂಡರು. "ಇದ್ದದ್ದು ಇದ್ದಂಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ. ನಿಂಗ್ಯಾಕೆ ಬೇಕಿತ್ತು ಊರ ಉಸಾಬರಿ? ಒಂದಿನ ಕಾಗೆ ತೋರ್ಸಿದ್ರೆ ನಿನ್ನ ಕೈ ಸವೆದು ಹೋಗುತ್ತಾ?"

"ಅತ್ತೆ, ನೀವು ಊರಿಗೆ ಹೋಗುವಾಗ ನಮಗೆ ಹೇಳ್ದೆ ಹೋಗ್ತೀರಾ?"

"ಅದ್ಹೇಗೆ ಹೋಗ್ಲಿ?"

"ನಾವು ಹೇಳ್ದೆ ಹೋದ್ರೆ?"

ಅತ್ತೆ ಸೊಸೆಯ ತಟ್ಟೆಗೆ ಮತ್ತೊಂದು ಸೌಟು ಸಾರು ಹಾಕಿ, "ತಿನ್ನು. ಖಾಲಿ ಹೊಟ್ಟೇಲಿ ಜಗಳ ಗೆಲ್ಲೋಕಾಗಲ್ಲ" ಅಂದರು.

ಸೋಮವಾರ ಬಂತು. ವೆಲ್ಫೇರ್ ಸಾಹೇಬರು ಮಕ್ಕಳು ಬರುವ ಹೊತ್ತಿಗೇ ಬಂದು ಕೋಣೆಯ ಮೂಲೆಯಲ್ಲಿ, ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಮಂಡಿ ಎದೆಗೆ ತಾಗುವಂತೆ ಕೂತರು. ದೊಡ್ಡ ಟೀಚರ್ ಅವರ ಪಕ್ಕ ನಿಂತರು. ಆಗಲೇ ತಂದೆತಾಯಿಯರನ್ನು ಕಳಿಸಿ ಆಗಿದ್ದ ಮಕ್ಕಳು ಗುಂಪಾಗಿ ಮರದ ತುಂಡು ಜೋಡಿಸುತ್ತಿದ್ದವು. ಅಷ್ಟರಲ್ಲಿ ಡ್ರೈವರಮ್ಮ ವಾಚ್‌ಮನ್‌ಳನ್ನು ಕರೆದುಕೊಂಡು ಬಂದಳು. ಕೂತು, ಹೋಗಿ ಬರುತ್ತೇನೆ, ಸಂಜೆ ಬರುತ್ತೇನೆ ಎಂದಳು. ವಾಚ್‌ಮನ್ ಬಾಗಿಲಿಗೆ ಒಂದು ಏಟು ಹಾಕಿ ನಿಲ್ಲಿಸಿದಳು. ತುಟಿ ನಡುಗುತ್ತಿತ್ತು. ಇನ್ನೇನು ಅಳು ಹೊರಬರಬೇಕು.

ದೊಡ್ಡ ಟೀಚರ್ ಕಾಯಲಿಲ್ಲ. ಮುಂದೆ ಬಂದು, ಚಪ್ಪಾಳೆ ತಟ್ಟಿ, ಜೇನು ಸುರಿಯುವ ದನಿಯಲ್ಲಿ ಅಂದರು. "ಪುಟಾಣಿಗಳಾ, ಎಲ್ರೂ ಬನ್ನಿ, ಕಾಗೆ ನೋಡೋಣ."

ಒಂದು ಮಗುವೂ ಕಿಟಕಿಯ ಕಡೆ ನೋಡಲಿಲ್ಲ. ಕೈಯಲ್ಲಿದ್ದ ಮರದ ತುಂಡನ್ನು ಅಲ್ಲೇ ಬಿಟ್ಟು ಅಷ್ಟೂ ತಲೆಗಳು ಬಾಗಿಲ ಕಡೆ ತಿರುಗಿದವು. ಅಮ್ಮ ಹೋಗಿ ಅರ್ಧ ಗಂಟೆಯಾದವರೂ ತಿರುಗಿದರು. ಒಬ್ಬ ಓಡಿಬಂದು ಡ್ರೈವರಮ್ಮನ ಕಾಲನ್ನೇ ಹಿಡಿದುಕೊಂಡ, ಯಾರ ಅಮ್ಮನಾದರೂ ಸರಿ ಎಂಬಂತೆ. ಆಮೇಲೆ ಎಲ್ಲವೂ ಒಟ್ಟಿಗೆ ಅತ್ತವು. ಮೇಲಿನ ಕುರ್ಚಿ ಕುಟ್ಟತೊಡಗಿತು.

ಸಾಹೇಬರು ಗಾಬರಿಯಾದರು. "ಏನಿದು, ಮಕ್ಕಳಿಗೆ ಕಾಗೆ ಅಂದ್ರೆ ಇಷ್ಟು ಭಯವಾ?"

"ಕಾಗೆಗಲ್ಲ ಸಾರ್," ಎಂದಳು ರೈಟಕ್ಕ. ಇಬ್ಬರನ್ನು ತೊಡೆಯ ಮೇಲೆ ಹಾಕಿಕೊಂಡು ನೆಲದಲ್ಲಿ ಕೂತಿದ್ದಳು. "ಕಾಗೆ ನೋಡು ಅಂದ್ರೆ ಅಮ್ಮ ಕದ್ದು ಹೋಗ್ತಿದಾಳೆ ಅಂತ. ನಾವೇ ಕಲಿಸಿದ್ದು. ನಾನೂ ಕಲಿಸಿದೀನಿ. ಈ ಮಕ್ಕಳು ಇನ್ನು ಕಾಗೇನ ಕಾಗೆ ಅಂತ ನೋಡೋದು ಯಾವ ಕಾಲಕ್ಕೋ."

ದೊಡ್ಡ ಟೀಚರ ಮುಖ ಕೆಂಪಾಯಿತು. ಅವರಿಗೆ ಆಗ ಹೊಳೆದ ದಾರಿ ಒಂದೇ. ಡ್ರೈವರಮ್ಮನ ಕಡೆ ತಿರುಗಿ, "ನೀವು ಯಾಕೆ ನಿಂತಿದ್ದೀರಿ? ಹೊರಡಿ. ಹಿಂದೆ ತಿರುಗಿ ನೋಡಬೇಡಿ, ಹೊರಡಿ" ಅಂದರು.

ಡ್ರೈವರಮ್ಮ ಯಾರಿಗೂ ಎದುರು ಮಾತಾಡಿದವಳಲ್ಲ. ಗಂಡ ಬಿಟ್ಟು ಹೋದಾಗಲೂ ಯಾಕೆ ಎಂದು ಕೇಳಿದವಳಲ್ಲ. ಹೊರಗೆ ಅವಳ ಬಸ್ಸು ಹೊರಡುವ ಹೊತ್ತು ಮೀರುತ್ತಿತ್ತು. ಅವಳು ರೈಟಕ್ಕನ ಕಡೆ ನೋಡಿದಳು. ರೈಟಕ್ಕ ವಾಚ್‌ಮನ್‌ಳ ಕಡೆ ನೋಡಿದಳು. ಬೆಲ್ ತನ್ನ ಕೈಯಲ್ಲಿರಲಿಲ್ಲವಲ್ಲ.

"ನನಗಿನ್ನೂ ರೈಟ್ ಬಿದ್ದಿಲ್ಲ ಮೇಡಂ," ಎಂದಳು ಡ್ರೈವರಮ್ಮ.

"ಏನು?"

"ಹೋಲ್ಡಾನ್ ಆಗಿದೆ. ಡಬಲ್ ಬೆಲ್ ಬೀಳ್ದೆ ನಾನು ಗಾಡಿ ಎತ್ತಲ್ಲ."

ಸಾಹೇಬರು ಪುಟ್ಟ ಕುರ್ಚಿಯಿಂದ ಕಷ್ಟಪಟ್ಟು ಎದ್ದರು. "ಏನಮ್ಮಾ, ನಿನ್ನ ಬಸ್ಸು ಲೇಟಾಗಲ್ವಾ? ಜನ ಕಾಯ್ತಿರ್ತಾರೆ."

"ಲೇಟಾಗುತ್ತೆ ಸಾರ್. ಲೇಟಾಗಿದ್ದಕ್ಕೆ ಏನ್ ಮಾಡ್ಬೇಕೋ ಮಾಡಿ. ಬೆಲ್ ಇಲ್ದೆ ಗಾಡಿ ಬಿಟ್ರೆ ಕೆಲಸದಿಂದಾನೇ ತೆಗೀತಿದ್ರಿ, ಅದು ನಿಮ್ದೇ ರೂಲು. ಬಸ್ಸಿಗೆ ಇದ್ದ ಮರ್ಯಾದೆ ನನ್ನ ಮಗಳಿಗೆ ಬೇಡ್ವಾ?"

ಇಷ್ಟು ಉದ್ದದ ಮಾತನ್ನು ಅವಳು ಆಡಿದ್ದನ್ನು ರೈಟಕ್ಕ ಎಂದೂ ಕೇಳಿರಲಿಲ್ಲ. ಹೆಮ್ಮೆಯಿಂದ ಅವಳ ಕಣ್ಣು ತುಂಬಿತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಎಲ್ಲರೂ ನಿಂತರು. ಸಾಹೇಬರು ನಿಂತರು, ದೊಡ್ಡ ಟೀಚರ್ ನಿಂತರು, ಮಕ್ಕಳ ಅಳುವೂ ಸ್ವಲ್ಪ ತಗ್ಗಿತು. ವಾಚ್‌ಮನ್ ತಾಯಿಯ ಕಾಲನ್ನು ನೋಡಿದಳು. ಕಾಲು ಅಲುಗಿರಲಿಲ್ಲ. ಅಷ್ಟು ಜನ ದೊಡ್ಡವರು ಹೊರಡು ಹೊರಡು ಎಂದರೂ ಅಲುಗಿರಲಿಲ್ಲ. ಅದನ್ನು ಅವಳು ಚೆನ್ನಾಗಿ ನೋಡಿಕೊಂಡಳು. ಆಮೇಲೆ ಬಾಗಿಲ ಹತ್ತಿರ ಹೋಗಿ ಅಂಗೈ ಎತ್ತಿ ಎರಡು ಸಲ ಬಡಿದಳು.

ಡ್ರೈವರಮ್ಮ ಬಗ್ಗಿ ಮಗಳ ತಲೆ ಸವರಿ ಹೊರಟಳು. ವಾಚ್‌ಮನ್ ಬಾಯಿ ತುಂಬಾ ಅತ್ತಳು. ಯಾರೂ ಅವಳಿಗೆ ಏನನ್ನೂ ತೋರಿಸಲಿಲ್ಲ. ರೈಟಕ್ಕ ಪಕ್ಕದಲ್ಲಿ ಕೂತು, "ಹೌದು, ಅಮ್ಮ ಹೋದ್ಲು. ನೀನೇ ಬೆಲ್ ಕೊಟ್ಟೆ, ಹೋದ್ಲು. ಅಳು" ಎಂದಳು. ಅಳು ಬಿಕ್ಕಾಯಿತು, ಬಿಕ್ಕು ನಿಟ್ಟುಸಿರಾಯಿತು. ಆಮೇಲೆ ವಾಚ್‌ಮನ್ ಗೋಡೆಗೆ ಒರಗಿ ಕೂತು, ಎಡಗಾಲನ್ನು ನೀಡಿ ರೈಟಕ್ಕನ ಮಡಿಲಲ್ಲಿಟ್ಟಳು.

ರೈಟಕ್ಕನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಮಗು ಕಾಲನ್ನು ಮತ್ತೊಮ್ಮೆ ಕುಟ್ಟಿತು. "ಈಗ ಶೂ ಬಿಚ್ತೀನಿ," ಎಂದಳು ರೈಟಕ್ಕ. ಹೇಳದೆ ಹೇಗೆ ಬಿಚ್ಚುತ್ತಾಳೆ? ಒಳಗೆ ಕಾಲು ಬೆವತು ಬೆಳ್ಳಗಾಗಿತ್ತು, ಗೆಣ್ಣಿನ ಸುತ್ತ ಪಟ್ಟಿಯ ಗುರುತು ಕೆಂಪಗೆ ಕೂತಿತ್ತು. ಇನ್ನೊಂದು ಕಾಲೂ ಬಂತು.

ಸಾಹೇಬರು ನೋಡಿದರು, ಕೆಮ್ಮಿದರು, "ಗಲಾಟೆ ಜಾಸ್ತಿ ಆಯ್ತು. ನೋಡೋಣ" ಅಂದು ಮೇಲಿನ ಆಫೀಸಿಗೆ ಚಹಾಕ್ಕೆ ಹೋದರು. ಅಂಥವರಿಂದ ಅದಕ್ಕಿಂತ ದೊಡ್ಡ ಮಾತು ಬರುವುದೂ ಇಲ್ಲ, ಅದನ್ನು ಕಾದು ಕೂರುವ ಪುರುಸೊತ್ತು ರೈಟಕ್ಕನಿಗೂ ಇರಲಿಲ್ಲ. ದೊಡ್ಡ ಟೀಚರ್ ಬಾಗಿಲಲ್ಲೇ ನಿಂತಿದ್ದರು.

"ನಾಳೆನೂ ಇದೇ ಗಲಾಟೆನಾ?"

"ನಾಳೆನೂ ಇದೇ ಮೇಡಂ. ಬೇಕಿದ್ರೆ ಬಾಗಿಲಿಗೆ ಒಂದು ರಬ್ಬರ್ ಹೊಡೆಸಿ. ಇಲ್ಲಾಂದ್ರೆ ನನ್ನ ರಿಪೇರಿ ಸೆಕ್ಷನ್ನಿಗೆ ಕಳಿಸಿ, ಅಲ್ಲಿಂದ ದಿನಾ ಬೆಳಿಗ್ಗೆ ಬಂದು ಇವರಿಗೆಲ್ಲ ಬೆಲ್ ಹೊಡೆಯೋದು ನೆನಪು ಮಾಡಿ ಹೋಗ್ತೀನಿ."

ಅಷ್ಟರಲ್ಲಿ ತಡವಾಗಿ ಬಂದ ಒಬ್ಬ ಗುಮಾಸ್ತ, ಮಗನನ್ನು ಒಳಕ್ಕೆ ತಳ್ಳಿ ಸದ್ದಿಲ್ಲದೆ ಹಿಂದೆ ಸರಿಯುತ್ತಿದ್ದ. ಅವನ ತೋಳನ್ನು ದೊಡ್ಡ ಟೀಚರೇ ಹಿಡಿದುಕೊಂಡರು. "ಎಲ್ರೀ ಓಡ್ತೀರಿ? ಹೇಳಿ ಹೋಗ್ರೀ. ಬೆಲ್ ಹೊಡೆಸ್ಕೊಂಡು ಹೋಗ್ರೀ." ಹೇಳಿ, ರೈಟಕ್ಕನ ಮುಖ ನೋಡದೆ ತಮ್ಮ ಕೋಣೆಗೆ ನಡೆದರು. ರಿಪೇರಿ ಸೆಕ್ಷನ್ನಿನ ಮಾತನ್ನು ಮತ್ತೆ ಅವರು ಎತ್ತಲೇ ಇಲ್ಲ.

ಸಂಜೆ ಡ್ರೈವರಮ್ಮ ಯೂನಿಫಾರ್ಮಿನಲ್ಲೇ ಓಡಿಬಂದಳು. ತಡವಾದದ್ದಕ್ಕೆ ಮೇಲಿನವರ ಹತ್ತಿರ ಮಂಗಳಾರತಿ ಎತ್ತಿಸಿಕೊಂಡು ಬಂದಿದ್ದಳು. ಬಾಗಿಲು ತಳ್ಳಿದವಳು ಎಂದಿನಂತೆ ಪಕ್ಕದ ಗೋಡೆಯ ಬುಡಕ್ಕೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಚೀಲವಿತ್ತು, ಜೋಡಿ ಶೂ ಇತ್ತು. ಅವಳ ಮುಖ ಬಿಳಿಚಿಕೊಂಡಿತು. "ಅಕ್ಕ, ಮಗಳೆಲ್ಲಿ?"

ರೈಟಕ್ಕ ಗಲ್ಲ ಎತ್ತಿ ತೋರಿಸಿದಳು. ಹಿಂದಿನ ಕಿಟಕಿಯ ಹತ್ತಿರ, ಬರಿಗಾಲಲ್ಲಿ, ಬಾಗಿಲಿಗೆ ಬೆನ್ನು ಹಾಕಿ ವಾಚ್‌ಮನ್ ನಿಂತಿದ್ದಳು. ಬಾಗಿಲು ಕಿರ್ ಎಂದದ್ದು ಅವಳಿಗೆ ಕೇಳಿಸಿರಲಿಲ್ಲ. ಹೊರಗೆ ಟೈರುಗಳ ಮೇಲೆ ಒಂದು ಕಾಗೆ ಕೂತು, ಎಲ್ಲಿಂದಲೋ ತಂದ ರೊಟ್ಟಿಯ ಚೂರನ್ನು ಕಾಲಲ್ಲಿ ಒತ್ತಿ ಹಿಡಿದು ಕುಕ್ಕುತ್ತಿತ್ತು. ಮಗು ಕಂಬಿಗೆ ಮೂಗು ಒತ್ತಿ ಅದನ್ನೇ ನೋಡುತ್ತಿತ್ತು.

ಡ್ರೈವರಮ್ಮ ಕೂಗಲು ಬಾಯಿ ತೆರೆದಳು. ರೈಟಕ್ಕ ಅವಳ ಕೈ ಹಿಡಿದು, ಮೆಲ್ಲಗೆ, ಬಾಗಿಲಿಗೆ ಒಂದೇ ಒಂದು ಏಟು ಹಾಕಿದಳು. "ನಿಲ್ಲೇ ಸ್ವಲ್ಪ. ಕಾಗೆ ನೋಡ್ತಿದಾಳೆ."

ಡ್ರೈವರಮ್ಮ ನಿಂತು ಕಾದಳು.